ಸದ್ದಡಗಿದ ಮೇಲೂ ಆಕಾಶದಲ್ಲಿರುವ ಕಲ್ಲು



ಸುಗ್ಗಿ ಮುಗಿದು ಬೇಸಗೆ ಕಾಲಿಟ್ಟಿತೆಂದರೆ ನಮ್ಮಲ್ಲಿ ಬಾವಿಯ ಮಾತು ಏಳುತ್ತದೆ. ಕೊಳವೆ ಬಾವಿಗಳು ಬಂದ ಮೇಲೆ ತೆರೆದ ಬಾವಿ ತೋಡಿಸುವವರು ಕಡಿಮೆಯಾಗಿದ್ದಾರೆ, ನಿಜ. ಆದರೂ ತಾತನ ಕಾಲದ ಬಾವಿಯನ್ನು ಇನ್ನು ಹತ್ತು ಅಡಿ ಇಳಿಸೋಣ ಎನ್ನುವವರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಬಯಲು ಸೀಮೆಯಲ್ಲಿ ಮೇಲಣ ಮಣ್ಣು ತೆಗೆದು, ಅದರ ಕೆಳಗಿನ ಗರಸು ತೆಗೆದರೆ ಗಟ್ಟಿ ಬಂಡೆ ಸಿಕ್ಕುತ್ತದೆ. ಅಲ್ಲಿ ಹಾರೆ ಗುದ್ದಲಿಗಳ ಆಟ ನಡೆಯದು. ಕುಳಿ ಹೊಡೆದು, ಮದ್ದು ತುಂಬಿ ಸಿಡಿಸಬೇಕಾಗುತ್ತದೆ.

ಆಗ ನಡೆಯುವುದನ್ನು ನೀವೂ ನೋಡಿರುತ್ತೀರಿ. ಕೂಗು ಹಾಕಿ ಜನರನ್ನು ದೂರ ಕಳಿಸುತ್ತಾರೆ. ಎಲ್ಲರೂ ಮರದ ಮರೆಗೋ ಗೋಡೆಯ ಮರೆಗೋ ಸರಿಯುತ್ತಾರೆ. ನೆಲ ನಡುಗುವಂತೆ ಸದ್ದಾಗುತ್ತದೆ, ಬಾವಿಯ ಬಾಯಿಂದ ದೂಳೇಳುತ್ತದೆ, ಸುತ್ತಲಿನ ಹೊಲದಲ್ಲಿ ಪಟಪಟನೆ ಕಲ್ಲುಚೂರುಗಳು ಬೀಳುತ್ತವೆ. ಅನಂತರ ಮೌನ. ಆ ಮೌನ ಬಂದೊಡನೆ, ಎಷ್ಟು ಬಂಡೆ ಎದ್ದಿದೆ, ನೀರು ಕಂಡಿತೆ ಎಂದು ನೋಡುವ ಆತುರದಿಂದ ಯಾರಾದರೊಬ್ಬರು ಬಾವಿಯ ಕಡೆಗೆ ಓಡುತ್ತಾರೆ. ಹೆಚ್ಚಾಗಿ ಆ ಜಮೀನಿನ ಒಡೆಯರೇ ಓಡುವುದು. ಸಾಲ ಮಾಡಿ ಬಾವಿ ತೋಡಿಸುವವರ ಆತುರವನ್ನು ತಪ್ಪೆನ್ನಲಾಗದು. ಆದರೆ ಆ ಗಳಿಗೆಯಲ್ಲಿ ಅತ್ಯಂತ ಅಪಾಯದ ಕಲ್ಲು ಇನ್ನೂ ಆಕಾಶದಲ್ಲಿಯೇ ಇರಬಹುದು. ಅದು ಬೀಳುವುದು ದೂರದ ಹೊಲದಲ್ಲಲ್ಲ, ಬಾವಿಯ ಕಟ್ಟೆಯ ಬಳಿಯಲ್ಲಿಯೇ.

ಹೀಗೆಂದರೆ ನಂಬಿಕೆ ಬರಬೇಕಲ್ಲ. ಆದುದರಿಂದ ನೆಟ್ಟಗೆ ಮೇಲಕ್ಕೆಸೆದ ಒಂದು ಕಲ್ಲು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಕೂಡುವುದು, ಗುಣಿಸುವುದು ಬಂದರೆ ಸಾಕು. ಇದಕ್ಕೆ ಹೆಚ್ಚಿನ ಓದು ಬೇಡ.

ಎಸೆದ ಕಲ್ಲು ಕೈ ಬಿಟ್ಟ ಮೇಲೆ ಅದನ್ನು ಮೇಲಕ್ಕೆ ತಳ್ಳುವವರು ಯಾರೂ ಇಲ್ಲ. ಕೈ ಕೊಟ್ಟ ವೇಗವೊಂದೇ ಅದರ ಬಂಡವಾಳ. ಭೂಮಿಯಾದರೋ ಅದನ್ನು ಬಿಡುವಿಲ್ಲದೆ ಕೆಳಕ್ಕೆ ಸೆಳೆಯುತ್ತಲೇ ಇರುತ್ತದೆ. ಈ ಸೆಳೆತದ ಲೆಕ್ಕ ಬಹಳ ಕಟ್ಟುನಿಟ್ಟು. ಪ್ರತಿ ಸೆಕೆಂಡಿಗೂ ಕಲ್ಲಿನ ವೇಗದಲ್ಲಿ ಸೆಕೆಂಡಿಗೆ 32 ಅಡಿಯಷ್ಟನ್ನು ಅದು ಕಿತ್ತುಕೊಳ್ಳುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನೇ 9.8 ಮೀಟರ್ ಎಂದು ಬರೆದಿರುತ್ತಾರೆ. ಬಾವಿಯ ಆಳವನ್ನು ನಾವು ಇಂದಿಗೂ ಅಡಿಯಲ್ಲಿಯೇ ಹೇಳುವುದರಿಂದ ಇಲ್ಲಿ ಅಡಿಯ ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ.

ಗಟ್ಟಿ ರಟ್ಟೆಯ ಹುಡುಗನೊಬ್ಬ ಒಂದು ಕಲ್ಲನ್ನು ಸೆಕೆಂಡಿಗೆ 64 ಅಡಿ ವೇಗದಲ್ಲಿ ಮೇಲಕ್ಕೆಸೆದನೆನ್ನಿ. ಒಂದು ಸೆಕೆಂಡು ಕಳೆಯುವ ಹೊತ್ತಿಗೆ 32 ಹೋಗಿ 32 ಉಳಿಯಿತು. ಇನ್ನೊಂದು ಸೆಕೆಂಡು ಕಳೆದರೆ ಉಳಿದ 32ವೂ ಹೋಗಿ ಸೊನ್ನೆಯಾಯಿತು. ಕಲ್ಲು ಅಲ್ಲಿ ನಿಂತಿತು. ಮೂರನೆಯ ಸೆಕೆಂಡಿನ ಕೊನೆಗೆ ಅದು ಕೆಳಮುಖವಾಗಿ 32 ಅಡಿ ವೇಗದಲ್ಲಿದೆ. ನಾಲ್ಕನೆಯ ಸೆಕೆಂಡು ಮುಗಿಯುವಾಗ 64 ಅಡಿ ವೇಗದಲ್ಲಿ ಎಸೆದವನ ಕೈಗೇ ಬಂದು ಸೇರುತ್ತದೆ. ಎಷ್ಟು ವೇಗದಲ್ಲಿ ಹೋಯಿತೋ ಅಷ್ಟೇ ವೇಗದಲ್ಲಿ ಬಂತು. ಏರಲು ಎಷ್ಟು ಹೊತ್ತು ಹಿಡಿಯಿತೋ ಇಳಿಯಲು ಅಷ್ಟೇ ಹೊತ್ತು ಹಿಡಿಯಿತು. ಭೂಮಿ ಏರುವಾಗ ಕಿತ್ತುಕೊಂಡದ್ದನ್ನು ಇಳಿಯುವಾಗ ಪೈಸೆಯೂ ಬಿಡದೆ ಹಿಂದಿರುಗಿಸಿತು ಎನ್ನಬಹುದು. ಇಂಥ ಸಾಹುಕಾರರು ನಮಗೆ ಸಿಕ್ಕುವುದಿಲ್ಲ!

ಈ ಕಲ್ಲು ಎಷ್ಟು ಎತ್ತರಕ್ಕೆ ಹೋಯಿತು? ಮೊದಲ ಸೆಕೆಂಡಿನಲ್ಲಿ ವೇಗ 64ರಿಂದ 32ಕ್ಕೆ ಇಳಿಯಿತಷ್ಟೆ. ನಡುವಣ ವೇಗ 48. ಆದುದರಿಂದ 48 ಅಡಿ ಏರಿತು. ಎರಡನೆಯ ಸೆಕೆಂಡಿನಲ್ಲಿ 32ರಿಂದ ಸೊನ್ನೆಗೆ; ನಡುವಣ ವೇಗ 16. ಆದುದರಿಂದ 16 ಅಡಿ ಏರಿತು. ಒಟ್ಟು 64 ಅಡಿ. ಒಳ್ಳೆಯ ತೆಂಗಿನ ಮರದ ಎತ್ತರ.

ಇದರಿಂದ ಒಂದು ಸುಲಭ ಸೂತ್ರ ಸಿಕ್ಕುತ್ತದೆ. ಕಲ್ಲು ಕೈ ಬಿಟ್ಟಲ್ಲಿಂದ ಮತ್ತೆ ಕೈಮಟ್ಟಕ್ಕೆ ಬರುವವರೆಗೆ ಎಷ್ಟು ಸೆಕೆಂಡು ಆಯಿತೆಂದು ನೋಡಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು 4ರಿಂದ ಗುಣಿಸಿ. ಕಲ್ಲು ಏರಿದ ಎತ್ತರ ಅಡಿಗಳಲ್ಲಿ ಬರುತ್ತದೆ. ಮೂರು ಸೆಕೆಂಡಾದರೆ ಮೂರು ಮೂರಲ ಒಂಬತ್ತು, ಒಂಬತ್ತು ನಾಲ್ಕಲ 36 ಅಡಿ. ನಾಲ್ಕು ಸೆಕೆಂಡಿಗೆ 64 ಅಡಿ, ಐದಕ್ಕೆ 100, ಆರಕ್ಕೆ 144. ಮೀಟರಿನಲ್ಲಿ ಬೇಕಾದರೆ 4ರ ಬದಲು ಸುಮಾರು ಒಂದೂಕಾಲರಿಂದ ಗುಣಿಸಿ. ಮೊಬೈಲಿನಲ್ಲಿರುವ ಸ್ಟಾಪ್‌ವಾಚಿನಿಂದ ಹೊತ್ತನ್ನು ಅಳೆಯಬಹುದು. ಬಾಯಲ್ಲಿ ಎಣಿಸುವುದಾದರೆ ಒಂದು ಎಚ್ಚರಿಕೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಲಾಭ’ ಎನ್ನುತ್ತೇವಲ್ಲವೆ? ಇಲ್ಲಿ ಕಲ್ಲು ಕೈ ಬಿಟ್ಟ ಕ್ಷಣಕ್ಕೆ ‘ಸೊನ್ನೆ’ ಎನ್ನಬೇಕು. ಆಗಲೇ ‘ಒಂದು’ ಎಂದರೆ ಲೆಕ್ಕ ಒಂದು ಸೆಕೆಂಡು ಹೆಚ್ಚಾಗುತ್ತದೆ. ಆರು ಸೆಕೆಂಡಿಗೆ ಬಂದ ಕಲ್ಲು ಏಳಕ್ಕೆ ಬಂದಂತಾಗಿ, 144 ಅಡಿ ಏರಿದುದು 196 ಅಡಿಯೆಂದು ತೋರುತ್ತದೆ.

ಮೇಲಿನ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ನಾಲ್ಕು ಸೆಕೆಂಡಿನ ಪಯಣದಲ್ಲಿ ಮೊದಲ ಒಂದು ಸೆಕೆಂಡಿಗೇ ಕಲ್ಲು 48 ಅಡಿ ದಾಟಿತು. ಉಳಿದ 16 ಅಡಿ ಏರಿ, ಮತ್ತೆ ಆ 16 ಅಡಿ ಇಳಿಯಲು ಎರಡು ಸೆಕೆಂಡು ತೆಗೆದುಕೊಂಡಿತು. ಅಂದರೆ ಮೇಲಿನ ಕಾಲು ಭಾಗ ಎತ್ತರದಲ್ಲಿಯೇ ಅರ್ಧ ಹೊತ್ತು ಕಳೆಯಿತು. ಮಕ್ಕಳು ಚೆಂಡನ್ನು ಮೇಲೆಸೆದಾಗ ಅದು ತುದಿಯಲ್ಲಿ ಒಂದು ಕ್ಷಣ ತೂಗಿ ನಿಂತಂತೆ ಕಾಣುವುದು ಇದರಿಂದಲೇ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಬಾವಿಯ ಬಳಿ ಇದು ಮತ್ತೆ ಬೇಕಾಗುತ್ತದೆ.

ತುದಿಯಲ್ಲಿ ನಿಂತಾಗ ಭೂಮಿಯ ಸೆಳೆತವೂ ನಿಂತಿತೇ ಎಂದು ಕೆಲವರು ಕೇಳುವುದುಂಟು. ಇಲ್ಲ. ಸೊನ್ನೆಯಾದದ್ದು ವೇಗ ಮಾತ್ರ; ಸೆಳೆತ ಎಂದಿನಂತೆಯೇ ಇದೆ. ಸೆಳೆತವೂ ಇಲ್ಲವಾಗಿದ್ದರೆ ಆ ಕಲ್ಲು ಗೋಡೆಯ ಮೇಲಿನ ಹಲ್ಲಿಯಂತೆ ಅಲ್ಲಿಯೇ ಉಳಿದುಬಿಡಬೇಕಿತ್ತು.

ಒಂದು ಸಂಜೆ ಅರಳಿಕಟ್ಟೆಯ ಬಳಿ ಈ ಮಾತು ನಡೆಯುತ್ತಿರುವಾಗ, ಇಪ್ಪತ್ತು ಮೂವತ್ತು ಬಾವಿಗಳ ಕೆಲಸ ಕಂಡಿದ್ದ ಹಿರಿಯರೊಬ್ಬರು ನನಗೆ ಹೇಳಿದರು: “ಅದೆಲ್ಲ ಸರಿ ಸ್ವಾಮಿ, ಮೇಲೆ ಹೋಗೋವಾಗ ಮದ್ದಿನ ಕಸುವು ಇರ್ತದೆ, ಅದಕ್ಕೇ ಕಲ್ಲು ಹೊಡೀತದೆ. ತುದಿಗೆ ಹೋಗೋ ಹೊತ್ತಿಗೆ ಕಸುವೆಲ್ಲ ಮುಗಿದಿರ್ತದೆ. ಇಳಿಯೋ ಕಲ್ಲು ಸುಮ್ಮನೆ ಬೀಳ್ತದೆ, ಅಷ್ಟೇನೂ ಪೆಟ್ಟಾಗಲ್ಲ.”

ಸುತ್ತ ಕುಳಿತಿದ್ದ ಹಲವರು ತಲೆಯಾಡಿಸಿದರು. “ಯಜಮಾನರೆ, ನಲವತ್ತಡಿ ಮರದಿಂದ ಬೀಳುವ ತೆಂಗಿನಕಾಯಿಗೆ ಯಾವ ಮದ್ದು ಹಾಕಿರುತ್ತಾರೆ?” ಎಂದು ಕೇಳಿದೆ. ಅವರು ನಕ್ಕರು. ಆದರೆ ಇದು ನಕ್ಕು ಬಿಡುವ ಮಾತಲ್ಲ. ಬಹಳ ಜನರಲ್ಲಿ ಬೇರೂರಿರುವ ಎಣಿಕೆ. 64 ಅಡಿ ಎತ್ತರದಿಂದ ಬಿದ್ದ ಕಾಯಿ ಎರಡೇ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 64 ಅಡಿ, ಎಂದರೆ ಗಂಟೆಗೆ 70 ಕಿಲೋಮೀಟರಿಗೆ ಸಮ. ಬಸ್ಸಿನ ವೇಗ! ಆ ವೇಗವನ್ನು ಕೊಟ್ಟದ್ದು ಎತ್ತರವೊಂದೇ. ಮದ್ದು ಕಲ್ಲನ್ನು ಎತ್ತರಕ್ಕೆ ಕಳಿಸಿತೆಂದರೆ ಅದರ ಕೆಲಸ ಮುಗಿಯಿತು. ಹೊಡೆಯುವ ಕೆಲಸವನ್ನು ಎತ್ತರವೇ ಮಾಡುತ್ತದೆ.

ದೊಡ್ಡ ಕಲ್ಲು ಬೇಗ ಬಿದ್ದುಬಿಡುತ್ತದೆ, ಚಿಕ್ಕದು ತಡವಾಗಿ ಬೀಳುತ್ತದೆ ಎಂಬುದು ಇನ್ನೊಂದು ಎಣಿಕೆ. ಗಾಳಿಯ ತಡೆಯನ್ನು ಬದಿಗಿಟ್ಟರೆ ಇದು ನಿಜವಲ್ಲ. ಇಟಲಿಯ ಗೆಲಿಲಿಯೋ ಎಂಬ ವಿಜ್ಞಾನಿ, ನಂಬಬಹುದಾದ ಗಡಿಯಾರವಿಲ್ಲದ ಕಾಲದಲ್ಲಿ, ಓರೆ ಹಲಗೆಯ ಗಾಡಿಯಲ್ಲಿ ಗುಂಡುಗಳನ್ನು ಉರುಳಿಸಿ, ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಹೊತ್ತನ್ನು ಅಳೆದನು. 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬೀಳುವ ವಸ್ತುವಿನ ಲೆಕ್ಕವನ್ನು ಕೊಟ್ಟನು. ಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ ಒಂದು ಪಾಲು ಇಳಿದರೆ, ಎರಡನೆಯದರಲ್ಲಿ ಮೂರು ಪಾಲು, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಏಳು. ಒಂದು ಪಾಲೆಂದರೆ ನಮ್ಮ 16 ಅಡಿ. 16, 48, 80, 112, 144 ಎಂದು ಹೋಗುತ್ತದೆ. ಐದು ಸೆಕೆಂಡಿನದನ್ನು ಕೂಡಿ ನೋಡಿ, 400 ಅಡಿ ಬರುತ್ತದೆ. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೋಲೋ 15ರ ಯಾತ್ರಿ ಡೇವಿಡ್ ಸ್ಕಾಟ್ ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ನಾವು ಅಷ್ಟು ದೂರ ಹೋಗಬೇಕಿಲ್ಲ. ಒಂದು ರೂಪಾಯಿ ನಾಣ್ಯದ ಮೇಲೆ ಅದಕ್ಕಿಂತ ಚಿಕ್ಕದಾದ ಕಾಗದದ ಚೂರನ್ನು ಅಂಟಿಸದೆ ಇಟ್ಟು, ನಾಣ್ಯವನ್ನು ಅಡ್ಡಲಾಗಿಯೇ ಕೆಳಗೆ ಬಿಡಿ. ನಾಣ್ಯ ಮುಂದೆ ಗಾಳಿಯನ್ನು ಸರಿಸುವುದರಿಂದ ಕಾಗದವೂ ಅದರೊಡನೆಯೇ ಬೀಳುತ್ತದೆ. ಮನೆಯಲ್ಲಿ ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ.

ಈಗ ಬಾವಿಗೆ ಬರೋಣ.

ಬಂಡೆ ಸಿಡಿದಾಗ ಕೆಲವು ಚೂರುಗಳು ಸೆಕೆಂಡಿಗೆ 160 ಅಡಿ ವೇಗದಲ್ಲಿ ಹಾರಿದವೆಂದು ಇಟ್ಟುಕೊಳ್ಳಿ. ಇದು ಉತ್ಪ್ರೇಕ್ಷೆಯಲ್ಲ, ಮದ್ದಿನ ಮುಂದೆ ಇಂಥ ವೇಗ ದೊಡ್ಡದೇನಲ್ಲ. ನೆಟ್ಟಗೆ ಮೇಲೆ ಹೋದ ಚೂರಿನ ವೇಗವನ್ನು ಭೂಮಿ ಸೆಕೆಂಡಿಗೆ 32ರಂತೆ ಕಳೆಯುತ್ತ ಐದು ಸೆಕೆಂಡಿಗೆ ಸೊನ್ನೆ ಮಾಡುತ್ತದೆ. ಎತ್ತರ 400 ಅಡಿ. ಇಳಿಯಲು ಇನ್ನೈದು ಸೆಕೆಂಡು. ಒಟ್ಟು ಹತ್ತು ಸೆಕೆಂಡು. ಹತ್ತು ಸೆಕೆಂಡೆಂದರೆ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಡುವಷ್ಟು ಹೊತ್ತು. ಕೇಳಿದರೆ ಸಣ್ಣದು, ಮರೆಯಲ್ಲಿ ಕುಳಿತು ಕಾಯುವವರಿಗೆ ಬಹಳ ದೊಡ್ಡದು. ಸಿಡಿದ ಸದ್ದು ಎರಡು ಕ್ಷಣದಲ್ಲಿ ಅಡಗಿರುತ್ತದೆ. ಮೇಲಿನ ಕಾಲು ಭಾಗದಲ್ಲಿ ಅರ್ಧ ಹೊತ್ತು ಎಂದೆನಲ್ಲವೆ? ಈ ಕಲ್ಲು ಐದು ಸೆಕೆಂಡು ಪೂರ್ತಿಯಾಗಿ 300 ಅಡಿಗಿಂತ ಮೇಲೆ ಇರುತ್ತದೆ. ದೂಳಿನ ನಡುವೆ ಅಷ್ಟು ಎತ್ತರದಲ್ಲಿರುವ ಮುಷ್ಟಿಗಾತ್ರದ ಕಲ್ಲು ಯಾರ ಕಣ್ಣಿಗೂ ಕಾಣದು. ಅದಕ್ಕೆ ಸದ್ದೂ ಇಲ್ಲ.

ಎಲ್ಲ ಚೂರುಗಳೂ ನೆಟ್ಟಗೆ ಹೋಗುವುದಿಲ್ಲ. ಬಹುಪಾಲು ಓರೆಯಾಗಿ ಹೋಗುತ್ತವೆ. ಇಲ್ಲಿಯೇ ಇರುವುದು ಈ ಪಾಠದ ತಿರುಳು. ಕಲ್ಲು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆಂಬುದನ್ನು ನಿರ್ಣಯಿಸುವುದು ಅದರ ಮೇಲ್ಮುಖದ ವೇಗ ಮಾತ್ರ. ಓರೆಯಾಗಿ ಹಾರಿದ ಕಲ್ಲು ತನ್ನ ವೇಗದಲ್ಲಿ ಒಂದಂಶವನ್ನು ಪಕ್ಕಕ್ಕೆ ಹೋಗಲು ವೆಚ್ಚ ಮಾಡಿರುತ್ತದೆ. ಆದುದರಿಂದ ಅದು ಕಡಿಮೆ ಎತ್ತರ ಏರಿ ಬೇಗ ಬೀಳುತ್ತದೆ, ದೂರದಲ್ಲಿ ಬೀಳುತ್ತದೆ. ಅಷ್ಟೇ ವೇಗದಿಂದ ನೆಟ್ಟಗೆ ಹೋದ ಕಲ್ಲು ಎಲ್ಲಕ್ಕಿಂತ ಎತ್ತರ ಏರಿ, ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಬಾವಿಗೆ ಹತ್ತಿರದಲ್ಲಿ ಬೀಳುತ್ತದೆ. ದೂರದ ಹೊಲದಲ್ಲಿ ಪಟಪಟ ಸದ್ದು ನಿಂತಿತೆಂದರೆ ಓರೆಯ ಕಲ್ಲುಗಳು ಬಿದ್ದು ಮುಗಿದವು ಎಂದಷ್ಟೇ ಅರ್ಥ. ಉಳಿದವು ಬಾವಿಯ ನೆತ್ತಿಯ ಮೇಲಿವೆ. ಆಗ ಬಾವಿಯ ಕಡೆಗೆ ಓಡುವವರು ಅವುಗಳ ಅಡಿಗೇ ಓಡುತ್ತಾರೆ. ನೂರೈವತ್ತು ಅಡಿ ಓಡಲು ಹರೆಯದವನಿಗೆ ಹತ್ತು ಸೆಕೆಂಡು ಸಾಕು. ಸದ್ದು ಕೇಳಿದೊಡನೆ ಅಷ್ಟು ದೂರದ ಮರದ ಮರೆಯಿಂದ ಹೊರಟವನೂ ಮೇಲಿನಿಂದ ಹೊರಟ ಕಲ್ಲೂ ಕಟ್ಟೆಯ ಬಳಿ ಒಂದೇ ಹೊತ್ತಿಗೆ ಸೇರುತ್ತವೆ.

ಸೇರುವಾಗ ಆ ಕಲ್ಲಿನ ವೇಗ, ಹೊರಟಾಗ ಇದ್ದಂತೆ, ಸೆಕೆಂಡಿಗೆ 160 ಅಡಿ. ಗಂಟೆಗೆ 175 ಕಿಲೋಮೀಟರು. ಗಾಳಿಯ ತಡೆಯಿಂದ ಇದು ಕಡಿಮೆಯಾಗುತ್ತದೆ, ಆ ಮಾತನ್ನು ಮುಂದೆ ಹೇಳುತ್ತೇನೆ. ಕಡಿಮೆಯಾಗಿ ಉಳಿದುದೂ ಮಂಗಳೂರು ಹೆಂಚನ್ನು ಒಡೆದು ಒಳಗೆ ಬರಲು ಸಾಕು. ತಲೆಬುರುಡೆ ಹೆಂಚಿಗಿಂತ ಗಟ್ಟಿಯೆಂದು ಯಾರೂ ಪರೀಕ್ಷಿಸಬೇಕಿಲ್ಲ.

“ಬಾವಿ ಆಳವಾಗಿದ್ದರೆ ಭಯವಿಲ್ಲ, ಗೋಡೆಗಳು ಕಲ್ಲನ್ನು ತಡೆದು ನೆಟ್ಟಗೆ ಮಾಡುತ್ತವೆ” ಎಂಬ ಮಾತೂ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಬಾವಿಯ ಅಗಲ 20 ಅಡಿ, ಆಳ 30 ಅಡಿ ಇರಲಿ. ತಳದ ನಡುವಿನಿಂದ 160 ಅಡಿ ವೇಗದಲ್ಲಿ ಹೊರಟು ಕಟ್ಟೆಯ ಅಂಚನ್ನು ಸವರಿಕೊಂಡು ಹೊರಬಿದ್ದ ಕಲ್ಲು ಬಾವಿಯ ನಡುವಿನಿಂದ ಸುಮಾರು 470 ಅಡಿ ದೂರದಲ್ಲಿ ಬೀಳುತ್ತದೆ. ತಳದ ಒಂದು ಗೋಡೆಯ ಬುಡದಿಂದ ಹೊರಟು ಎದುರಿನ ಅಂಚನ್ನು ದಾಟಿದುದು ಸುಮಾರು 700 ಅಡಿ ಹೋಗಬಲ್ಲುದು. ಬಾವಿ ಇನ್ನೂ ತೆಳುವಾಗಿದ್ದು ತಡೆಯುವ ಗೋಡೆಯೇ ಇಲ್ಲದಿದ್ದರೆ 800 ಅಡಿಯವರೆಗೂ ಹೋದೀತು. ನೆಟ್ಟಗೆ ಎಷ್ಟು ಎತ್ತರ ಹೋಗಬಲ್ಲುದೋ ಅದರ ಎರಡರಷ್ಟು ದೂರ, ಅದೇ ವೇಗದ ಕಲ್ಲು ಪಕ್ಕಕ್ಕೆ ಹೋಗಬಲ್ಲುದು ಎಂಬುದು ಈ ಲೆಕ್ಕದ ಇನ್ನೊಂದು ನಿಯಮ. ಗಾಳಿ ಇವನ್ನೆಲ್ಲ ಸ್ವಲ್ಪ ಮೊಟಕು ಮಾಡುತ್ತದೆ. ಆದರೆ ಕಲ್ಲಿನ ವೇಗ 160ಕ್ಕಿಂತ ಹೆಚ್ಚಿದ್ದರೆ ಲೆಕ್ಕ ಮತ್ತೆ ಮೇಲೇರುತ್ತದೆ. ವೇಗ ಒಂದೂವರೆ ಪಟ್ಟಾಗಿ 240 ಅಡಿಯಾದರೆ ಹತ್ತು ಸೆಕೆಂಡಿಗೆ ಬದಲು ಹದಿನೈದು ಸೆಕೆಂಡು, 400 ಅಡಿಗೆ ಬದಲು 900 ಅಡಿ.

ಆದಕಾರಣ ಹತ್ತೆಣಿಸಿ ಹೊರಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಎಣಿಕೆ ಇರುವುದು ಆತುರ ಎಷ್ಟು ಅಪಾಯವೆಂದು ತೋರಿಸಲಿಕ್ಕೆ. ಸಿಡಿಸುವ ಕೆಲಸ ಪರವಾನಗಿ ಪಡೆದವರದು. ಜನ ಎಷ್ಟು ದೂರ ಹೋಗಬೇಕು, ಯಾವಾಗ ಮರಳಬೇಕು ಎಂಬುದನ್ನು ಅವರೇ ಹೇಳಬೇಕು; ಹೇಳುವವರೆಗೆ ಒಡೆಯರೂ ಸರಿ, ಪಂಚಾಯತಿಯ ಸದಸ್ಯರೂ ಸರಿ, ಕದಲಬಾರದು. ಹತ್ತು ಕುಳಿಗಳಲ್ಲಿ ಒಂದು ಸಿಡಿಯದೆ ಉಳಿದಿರಬಹುದೆಂಬ ಕಾರಣವೂ ಅವರ ಕಾಯುವಿಕೆಯ ಹಿಂದೆ ಇರುತ್ತದೆ. ಕುಳಿಗಳ ಬಾಯಿಗೆ ಮರಳಿನ ಚೀಲ, ಹಳೆಯ ಟೈರು, ಕಬ್ಬಿಣದ ಬಲೆ ಹೊದಿಸುವ ಪದ್ಧತಿಯಿದೆ. ಅದಕ್ಕೆ ತಗಲುವ ಖರ್ಚನ್ನು ಉಳಿಸಬೇಡಿ. ಪರವಾನಗಿಯಿಲ್ಲದೆ ಮದ್ದನ್ನು ತಂದು ಮನೆಯಲ್ಲೋ ಪಂಪ್‌ಸೆಟ್ ಕೊಠಡಿಯಲ್ಲೋ ಇಟ್ಟುಕೊಳ್ಳುವ ಮಾತಂತೂ ಬೇಡವೇ ಬೇಡ. 2021ರ ಜನವರಿಯಲ್ಲಿ ಶಿವಮೊಗ್ಗದ ಬಳಿ ಹುಣಸೋಡಿನಲ್ಲಿಯೂ, ಮುಂದಿನ ತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿಯೂ ಬಂಡೆ ಒಡೆಯುವ ಮದ್ದು ಸಿಡಿದು ಜನ ಸತ್ತುದನ್ನು ಎಲ್ಲರೂ ಬಲ್ಲರು.

ಬಾವಿಯ ಒಳಗೆ ಕೆಲಸ ಮಾಡುವವರಿಗೆ ಈ ಲೆಕ್ಕದ ಇನ್ನೊಂದು ಉಪಯೋಗವಿದೆ. ತಳದಲ್ಲಿರುವವನು ಚಾಣವನ್ನೋ ಸುತ್ತಿಗೆಯನ್ನೋ ಮೇಲಿನವನ ಕೈಗೆ ಎಸೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸುವುದು ಬೇಸರವಂತೆ. 16 ಅಡಿ ಮೇಲಕ್ಕೆ ಚಾಣ ಮುಟ್ಟಬೇಕಾದರೆ ಸೆಕೆಂಡಿಗೆ 32 ಅಡಿ ವೇಗವಾದರೂ ಬೇಕು. ಮೇಲಿನವನ ಕೈ ತಪ್ಪಿತೆಂದರೆ ಒಂದೇ ಸೆಕೆಂಡಿನಲ್ಲಿ ಅದು ಅದೇ ವೇಗದಿಂದ, ಗಂಟೆಗೆ 35 ಕಿಲೋಮೀಟರಿನಂತೆ, ಮೊನೆ ಕೆಳಗಾಗಿಯೋ ಅಡ್ಡವಾಗಿಯೋ ಎಸೆದವನ ತಲೆಗೇ ಮರಳುತ್ತದೆ. ಬಾವಿಯ ತಳದಲ್ಲಿ ಸರಿದು ನಿಲ್ಲಲು ಜಾಗವೆಲ್ಲಿದೆ? ಒಂದು ಸೆಕೆಂಡಿನಲ್ಲಿ ಸರಿಯುವವರಾದರೂ ಯಾರು?

ಇಟ್ಟಿಗೆ ಎಸೆಯುವ ಗಾರೆ ಕೆಲಸದವರನ್ನು ನೋಡಿ. ಅವರಿಗೆ ಈ ವಿದ್ಯೆ ಕೈಯಲ್ಲೇ ಇದೆ. ಒಂಬತ್ತು ಅಡಿ ಮೇಲೆ ಅಟ್ಟಣೆಯ ಮೇಲೆ ನಿಂತವನಿಗೆ ಇಟ್ಟಿಗೆಯನ್ನು ಸೆಕೆಂಡಿಗೆ 24 ಅಡಿ ವೇಗದಲ್ಲಿ ಎಸೆದರೆ ಮುಕ್ಕಾಲು ಸೆಕೆಂಡಿನಲ್ಲಿ ಅದು ಸರಿಯಾಗಿ ಅವನ ಕೈಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಿಂತ ಇಟ್ಟಿಗೆಯನ್ನು ಅವನು ಗೂಡಿನಿಂದ ತೆಗೆದಂತೆ ತೆಗೆದುಕೊಳ್ಳುತ್ತಾನೆ. ಹೊಸಬನು ಉತ್ಸಾಹದಿಂದ 30 ಅಡಿ ವೇಗದಲ್ಲಿ ಎಸೆದನೆನ್ನಿ. ವೇಗ ಕಾಲು ಭಾಗ ಮಾತ್ರ ಹೆಚ್ಚಾಯಿತು. ಆದರೆ ಒಂಬತ್ತು ಅಡಿಯ ಮಟ್ಟದಲ್ಲಿ ಇಟ್ಟಿಗೆ ಇನ್ನೂ ಸೆಕೆಂಡಿಗೆ 18 ಅಡಿ ವೇಗದಲ್ಲಿ ಏರುತ್ತಿರುತ್ತದೆ. ಹಿಡಿಯುವವನ ಬೆರಳು ಜಜ್ಜಿಹೋಗುತ್ತದೆ. ಸ್ವಲ್ಪ ಹೆಚ್ಚಿನ ವೇಗಕ್ಕೆ ಬಹಳ ಹೆಚ್ಚಿನ ಫಲ. ಎತ್ತರ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. ವೇಗ ಇಮ್ಮಡಿಯಾದರೆ ಎತ್ತರ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ. ಎರಡು ಹಿಡಿ ಮದ್ದು ಹೆಚ್ಚು ಹಾಕಿದರೆ ಕೆಲಸ ಬೇಗ ಆದೀತೆನ್ನುವವರಿಗೂ ಈ ಮಾತು ಸಲ್ಲುತ್ತದೆ.

ಇನ್ನು ಗಾಳಿಯ ವಿಷಯ. ಗಾಳಿ ಏರುವಾಗಲೂ ತಡೆಯುತ್ತದೆ, ಇಳಿಯುವಾಗಲೂ ತಡೆಯುತ್ತದೆ. ಆದುದರಿಂದ ನಿಜವಾದ ಕಲ್ಲು ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಏರುತ್ತದೆ, ಹೊರಟುದಕ್ಕಿಂತ ಕಡಿಮೆ ವೇಗದಲ್ಲಿ ಮರಳುತ್ತದೆ, ಏರಿದುದಕ್ಕಿಂತ ಇಳಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಕೈಯಿಂದ ಎಸೆದ ಗುಂಡುಕಲ್ಲಿಗೆ ಈ ವ್ಯತ್ಯಾಸ ಗಣನೆಗೆ ಬಾರದಷ್ಟು ಚಿಕ್ಕದು; ವೇಗ ಹೆಚ್ಚಿದಷ್ಟೂ ವ್ಯತ್ಯಾಸ ಹೆಚ್ಚು. ಹಗುರವಾದ, ಹರಡಿದ ವಸ್ತುವಿಗೆ ಗಾಳಿಯದೇ ರಾಜ್ಯ. ಕಣದಲ್ಲಿ ರಾಗಿ ತೂರುವಾಗ ಕಾಳು ಕಾಲ ಬಳಿ ಬಿದ್ದು ಹೊಟ್ಟು ಆಚೆ ಹೋಗುವುದು ಇದರಿಂದಲೇ ಅಲ್ಲವೆ? ಗಾಳಿಯ ಉಪಕಾರ ಎಷ್ಟೆಂದು ತಿಳಿಯಬೇಕಾದರೆ ಮಳೆಯನ್ನು ನೆನೆಯಿರಿ. 6400 ಅಡಿ ಎತ್ತರದ ಮೋಡದಿಂದ ಬಿದ್ದ ಹನಿ, ಗಾಳಿಯಿಲ್ಲದಿದ್ದರೆ, ಇಪ್ಪತ್ತು ಸೆಕೆಂಡಿನಲ್ಲಿ ನೆಲಕ್ಕೆ ಬರುತ್ತಿತ್ತು. ಬರುವಾಗ ಅದರ ವೇಗ ಸೆಕೆಂಡಿಗೆ 640 ಅಡಿ. ಒಂದು ಪೈರೂ ಉಳಿಯುತ್ತಿರಲಿಲ್ಲ. ನಿಜವಾಗಿ ದಪ್ಪ ಹನಿಯೂ ಸೆಕೆಂಡಿಗೆ ಸುಮಾರು 30 ಅಡಿಯಂತೆ ಮಾತ್ರ ಇಳಿಯುತ್ತದೆ. ದಪ್ಪ ಆಲಿಕಲ್ಲು ಹನಿಗಿಂತ ಬಲು ಜೋರಾಗಿ ಬಂದು ಎಲೆಯನ್ನು ಹರಿಯುವುದು, ಅದರ ತೂಕದ ಮುಂದೆ ಗಾಳಿಯ ತಡೆ ಸಾಲದೆ ಹೋಗುವುದರಿಂದ.

ದೀಪಾವಳಿಯ ರಾಕೆಟ್ಟಿಗೆ ಈ ಲೆಕ್ಕವೇಕೆ ಹೊಂದುವುದಿಲ್ಲವೆಂದು ಪ್ರೌಢಶಾಲೆಯ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ರಾಕೆಟ್ಟನ್ನು ಅದರೊಳಗಿನ ಮದ್ದು ಹಾದಿಯುದ್ದಕ್ಕೂ ತಳ್ಳುತ್ತಿರುತ್ತದೆ. ಕಲ್ಲಿಗೆ ಆ ಅನುಕೂಲವಿಲ್ಲ. ಮದ್ದು ಉರಿದು ಮುಗಿದ ಮೇಲೆ ರಾಕೆಟ್ಟೂ ಎಸೆದ ಕಲ್ಲಿನಂತೆಯೇ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೇಲೇರಿದ ನಮ್ಮ ದೇಶದಿಂದ ಹಾರಿದ ಮೊದಲ ಶೋಧಕ ರಾಕೆಟ್ಟಿಗೂ ಇಂಧನ ತೀರಿದ ಮೇಲೆ ಇದೇ ನಿಯಮ.

ನೀರಿಲ್ಲದ ಬಾವಿಯ ಆಳವನ್ನೂ ಇದೇ ಲೆಕ್ಕದಿಂದ ತಿಳಿಯಬಹುದು. ಕಲ್ಲನ್ನು ಎಸೆಯದೆ ಸುಮ್ಮನೆ ಕೈ ಬಿಟ್ಟು, ತಳ ಮುಟ್ಟಿದ ಸದ್ದು ಕೇಳುವವರೆಗೆ ಹೊತ್ತನ್ನು ಅಳೆಯಿರಿ. ಸೆಕೆಂಡನ್ನು ಸೆಕೆಂಡಿನಿಂದ ಗುಣಿಸಿ, ಈ ಸಲ 16ರಿಂದ ಗುಣಿಸಿ; ಇಲ್ಲಿ ಇಳಿತ ಮಾತ್ರ ಇದೆ, ಏರಿಕೆಯಿಲ್ಲ. ಎರಡು ಸೆಕೆಂಡಾದರೆ 64 ಅಡಿ. ಸದ್ದು ಮೇಲೆ ಬರಲು ಹಿಡಿಯುವ ಹೊತ್ತು ಇಷ್ಟು ಆಳಕ್ಕೆ ಗಣನೆಗೆ ಬಾರದು. ಒಳಗೆ ಯಾರೂ ಇಲ್ಲವೆಂದು ಕೂಗಿ, ಬಗ್ಗಿ ನೋಡಿಯೇ ಕಲ್ಲು ಬಿಡತಕ್ಕದ್ದು.

ಕೊನೆಗೆ ಶಾಲೆಯ ಮಕ್ಕಳಿಗಾಗಿ ಒಂದು ಲೆಕ್ಕ. ದೊಡ್ಡವರೂ ಮಾಡಬಹುದು. 48 ಅಡಿ ಆಳದ ಒಣ ಬಾವಿಯ ಕಟ್ಟೆಯ ಬಳಿ ನಿಂತು, ಕಟ್ಟೆಯ ಮಟ್ಟದಿಂದ ಒಂದು ಕಲ್ಲನ್ನು ಸೆಕೆಂಡಿಗೆ 32 ಅಡಿ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಎಸೆದಿರಿ. ಅದು ಏರಿ, ಇಳಿದು, ಬಾವಿಯೊಳಕ್ಕೆ ಹೋಗಿ ತಳ ಮುಟ್ಟಲು ಎಷ್ಟು ಹೊತ್ತು ಬೇಕು? ಮುಟ್ಟುವಾಗ ಅದರ ವೇಗವೆಷ್ಟು? ಹೀಗೆ ಬಿಡಿಸಿ: 32 ಅಡಿ ವೇಗ ಸೊನ್ನೆಯಾಗಲು ಒಂದು ಸೆಕೆಂಡು, ಅಷ್ಟರಲ್ಲಿ ಏರಿದ್ದು 16 ಅಡಿ. ಅಲ್ಲಿಂದ ತಳಕ್ಕೆ 16 ಮತ್ತು 48, ಒಟ್ಟು 64 ಅಡಿ. ಇಳಿಯಲು ಎರಡು ಸೆಕೆಂಡು. ಎಲ್ಲ ಸೇರಿ ಮೂರು ಸೆಕೆಂಡು; ತಳ ಮುಟ್ಟುವಾಗಿನ ವೇಗ ಸೆಕೆಂಡಿಗೆ 64 ಅಡಿ. ಇದೇ ಬಾವಿಗೆ, ಅಷ್ಟೇ 32 ಅಡಿ ವೇಗದಲ್ಲಿ ಕಲ್ಲನ್ನು ನೆಟ್ಟಗೆ ಕೆಳಮುಖವಾಗಿ ಎಸೆದರೆ ಏನಾಗುತ್ತದೆ? ಹೊತ್ತು ಒಂದೇ ಸೆಕೆಂಡು. ತಳ ಮುಟ್ಟುವಾಗಿನ ವೇಗ ಮಾತ್ರ ಅದೇ 64 ಅಡಿ. ಎರಡೂ ವೇಗಗಳು ಒಂದೇ ಆದದ್ದು ಏಕೆಂದು ಮಕ್ಕಳು ತಾವೇ ಯೋಚಿಸಿ ತಮ್ಮ ಮೇಷ್ಟರಿಗೆ ಹೇಳಲಿ. ಮೇಲಕ್ಕೆಸೆದ ಕಲ್ಲು ಮರಳಿ ಕಟ್ಟೆಯ ಮಟ್ಟವನ್ನು ದಾಟುವ ಕ್ಷಣದಲ್ಲಿ ಅದರ ವೇಗ ಎಷ್ಟಿರುತ್ತದೆಂದು ನೋಡಿದರೆ ಉತ್ತರ ಅಲ್ಲಿಯೇ ಇದೆ.